ಗೋಥಮ್‌ನ ಮನೆಮಂದಿ ಮತ್ತು ನೆಂಟರು

ಪ್ರಶ್ನೆ: ಹನ್ನೆರಡು ವರ್ಷದ ಮಗನ ಜೊತೆ ಕುಳಿತು 1966ರ ಹಳೆಯ ‘ಬ್ಯಾಟ್‌ಮನ್’ ಟಿವಿ ಸರಣಿಯನ್ನು ನೋಡಿ ಮುಗಿಸಿದೆ. ಬ್ಯಾಟ್‌ಮನ್ ಆಗಿದ್ದ ಆಡಮ್ ವೆಸ್ಟ್ ಅವರಿಗೆ ಆಮೇಲೆ ಸರಿಯಾದ ಕೆಲಸವೇ ಸಿಗಲಿಲ್ಲ, ಅದೇ ಉಡುಪು ತೊಟ್ಟು ಜಾತ್ರೆ, ಮಳಿಗೆಗಳಲ್ಲಿ ಕಾಣಿಸಿಕೊಂಡು ಹೊಟ್ಟೆ ಹೊರೆದರು ಎಂದು ಓದಿದೆ. ಅದರಲ್ಲಿ ಪೆಂಗ್ವಿನ್ ಎಂಬ ಖಳನಾಗಿದ್ದವರು ಮಾತ್ರ ಹತ್ತು ವರ್ಷದ ಬಳಿಕ ಆಸ್ಕರ್‌ಗೆ ನಾಮನಿರ್ದೇಶನಗೊಂಡರಂತೆ. ಒಂದೇ ಸರಣಿ, ಒಂದೇ ಹುಚ್ಚಾಟ. ಒಬ್ಬರಿಗೆ ಅದು ಶಾಪವಾಗಿ ಇನ್ನೊಬ್ಬರಿಗೆ ಏನೂ ಆಗದೆ ಹೋದದ್ದು ಹೇಗೆ? ಅಷ್ಟು ಸಲ ಮರುಪ್ರಸಾರವಾದ ಸರಣಿಯಿಂದ ನಟರಿಗೆ ದುಡ್ಡು ಬರುತ್ತಿರಲಿಲ್ಲವೇ? ಕ್ಯಾಟ್‌ವುಮನ್ ಆಗಿದ್ದ ಒಬ್ಬ ನಟಿಯ ವೃತ್ತಿ ಶ್ವೇತಭವನದ ಒಂದು ಊಟದಿಂದ ಹಾಳಾಯಿತು ಎನ್ನುವುದು ನಿಜವೇ? ಇವರನ್ನೆಲ್ಲ ಇನ್ನೆಲ್ಲಿ ನೋಡಬಹುದು ಎಂದು ಮಗ ಬೇರೆ ಕೇಳುತ್ತಿದ್ದಾನೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲೇ ಉತ್ತರದ ಅರ್ಧ ಅಡಗಿದೆ. ಗೋಥಮ್ ಎಂಬ ಕಲ್ಪಿತ ನಗರದಲ್ಲಿ ನಡೆಯುವ ಆ ಸರಣಿಯಲ್ಲಿ ಖಳರು ನೆಂಟರು, ನಾಯಕರು ಮನೆಮಂದಿ. ನೆಂಟ ನಾಲ್ಕು ದಿನ ಇದ್ದು, ಉಂಡು, ನಗಿಸಿ, ತನ್ನ ಊರಿಗೆ ಹೋಗುತ್ತಾನೆ. ಅವನಿಗೆ ಹೋಗಲು ಒಂದು ಊರಿರುತ್ತದೆ. ಮನೆಯಲ್ಲೇ ಇರುವವನಿಗೆ ಆ ಮನೆಯ ಹೆಸರೇ ಹೆಸರು. ಬರ್ಜೆಸ್ ಮೆರೆಡಿತ್ ಪೆಂಗ್ವಿನ್‌ನ ಉದ್ದ ಮೂಗು ಅಂಟಿಸಿಕೊಳ್ಳುವ ಹೊತ್ತಿಗೆ ಅವರ ಬೆನ್ನ ಹಿಂದೆ ರಂಗಭೂಮಿ, ಸಿನಿಮಾ ಎರಡೂ ಸೇರಿ ಮೂರು ದಶಕಗಳಿಗೂ ಹೆಚ್ಚಿನ ಕೆಲಸವಿತ್ತು. ಆಡಮ್ ವೆಸ್ಟ್ ಕಪ್ಪು ಕುಲಾವಿ ಹಾಕಿಕೊಂಡಾಗ ಅಮೆರಿಕದ ಬಹುಪಾಲು ಜನರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಗೊತ್ತಾದದ್ದು ಬ್ಯಾಟ್‌ಮನ್ ಎಂದೇ.

ವಿಚಿತ್ರವೆಂದರೆ, ಮುಖವನ್ನು ಅರ್ಧ ಮುಚ್ಚಿಕೊಂಡಿದ್ದವರು ಇವರೇ. ಮುಖ ಮುಚ್ಚಿದ್ದರೆ ಗುರುತು ಸಿಗದೆ ಪಾರಾಗಬಹುದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ವೆಸ್ಟ್ ಅವರನ್ನು ಹಿಡಿದುಹಾಕಿದ್ದು ಧ್ವನಿ. ಒಂದೊಂದು ಪದವನ್ನೂ ತೂಗಿ, ನಡುವೆ ನಿಲ್ಲಿಸಿ, ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ಗಾಂಭೀರ್ಯದಲ್ಲಿ ಅಸಂಬದ್ಧವಾದದ್ದನ್ನು ಹೇಳುವ ಆ ಧ್ವನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಸರಣಿಯ ಕಥೆ ಚಿಕ್ಕದು. ಎಬಿಸಿ ವಾಹಿನಿಯಲ್ಲಿ 1966ರ ಜನವರಿ 12ರಂದು ಶುರುವಾಗಿ 1968ರ ಮಾರ್ಚ್ 14ಕ್ಕೆ ಮುಗಿಯಿತು. ಒಟ್ಟು 120 ಕಂತು. ಮೊದಲ ಎರಡು ಋತುಗಳಲ್ಲಿ (ಸೀಸನ್‌ಗಳಲ್ಲಿ) ವಾರಕ್ಕೆ ಎರಡು ರಾತ್ರಿ: ಬುಧವಾರ ನಾಯಕರು ಸಾವಿನ ಬಾಯಲ್ಲಿ ಸಿಕ್ಕಿಕೊಳ್ಳಬೇಕು, ಗುರುವಾರ ಬಿಡಿಸಿಕೊಳ್ಳಬೇಕು. ನಾಳೆ ಇದೇ ಹೊತ್ತಿಗೆ ಇದೇ ವಾಹಿನಿಯಲ್ಲಿ ನೋಡಿ ಎಂದು ಕೂಗಿ ಹೇಳುತ್ತಿದ್ದ ನಿರೂಪಕನ ದನಿ ಬೇರೆ ಯಾರದ್ದೂ ಅಲ್ಲ, ನಿರ್ಮಾಪಕ ವಿಲಿಯಂ ಡೋಜಿಯರ್ ಅವರದ್ದೇ. ಮೊದಲ ಋತುವಿನಲ್ಲಿ ಎರಡು ರಾತ್ರಿಯ ಕಂತುಗಳೂ ದೇಶದ ಮೊದಲ ಹತ್ತು ಕಾರ್ಯಕ್ರಮಗಳಲ್ಲಿ ನಿಂತಿದ್ದವು. ಹೀಗೆ ಉಕ್ಕಿದ ಹಾಲು ಅಷ್ಟೇ ಬೇಗ ಇಳಿಯಿತು. ಎರಡೂ ಕಾಲು ವರ್ಷದಲ್ಲಿ ಎಲ್ಲ ಮುಗಿದಿತ್ತು. ಒಬ್ಬ ನಟನ ಬದುಕಿನ ಎರಡು ವರ್ಷ ಉಳಿದ ಐವತ್ತು ವರ್ಷಗಳನ್ನು ಆಳುವುದೆಂದರೆ ಇದು.

ವೆಸ್ಟ್ ಅವರ ಹಿಂದಿನ ಬದುಕು ಸ್ವಲ್ಪ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. 1928ರಲ್ಲಿ ವಾಷಿಂಗ್ಟನ್ ರಾಜ್ಯದ ವಾಲ ವಾಲ ಎಂಬ ಊರಿನಲ್ಲಿ ಹುಟ್ಟಿದಾಗ ಅವರ ಹೆಸರು ವಿಲಿಯಂ ವೆಸ್ಟ್ ಆಂಡರ್ಸನ್. ಓದಿದ್ದು ಸಾಹಿತ್ಯ. ಸೈನ್ಯದ ದಿನಗಳಲ್ಲಿ ಪ್ರಸಾರದ ಕೆಲಸ ಮಾಡಿದರು. ಆಮೇಲೆ ಹವಾಯಿ ದ್ವೀಪಕ್ಕೆ ಹೋಗಿ ಅಲ್ಲಿನ ಸ್ಥಳೀಯ ಟಿವಿಯಲ್ಲಿ ಒಂದು ಮಕ್ಕಳ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಅಲ್ಲಿ ಅವರ ಸಹನಟಿ ಪೀಚಸ್ ಎಂಬ ಚಿಂಪಾಂಜಿ. ನಂತರ ಹಾಲಿವುಡ್. ಪಾಲ್ ನ್ಯೂಮನ್ ನಾಯಕರಾಗಿದ್ದ ಒಂದು ಚಿತ್ರದಲ್ಲಿ ಸಣ್ಣ ಪಾತ್ರ, ರಾಬರ್ಟ್ ಟೇಲರ್ ಅವರ ಪತ್ತೇದಾರಿ ಸರಣಿಯಲ್ಲಿ ಒಂದು ಋತು, ‘ರಾಬಿನ್ಸನ್ ಕ್ರೂಸೋ ಆನ್ ಮಾರ್ಸ್’ ಚಿತ್ರದಲ್ಲಿ ಬೇಗನೆ ಸಾಯುವ ಗಗನಯಾತ್ರಿ. ಕೈತುಂಬ ಕೆಲಸವಿತ್ತು, ಮುಖ ಚೆನ್ನಾಗಿತ್ತು, ಹೆಸರು ಬಂದಿರಲಿಲ್ಲ. ಡೋಜಿಯರ್ ಕಣ್ಣಿಗೆ ಅವರು ಬಿದ್ದದ್ದು ಒಂದು ಚಾಕೊಲೇಟ್ ಹಾಲಿನ ಪುಡಿಯ ಜಾಹೀರಾತಿನಲ್ಲಿ. ಜೇಮ್ಸ್ ಬಾಂಡ್‌ನನ್ನು ಅಣಕಿಸುವ ಗೂಢಚಾರನಾಗಿ, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ ಅವರು ಆ ಪುಡಿಯನ್ನು ಮಾರಿದ್ದರು. ಡೋಜಿಯರ್ ಹುಡುಕುತ್ತಿದ್ದದ್ದೂ ಅದನ್ನೇ.

ಆ ನಗದಿರುವ ಮುಖವೇ ಸರಣಿಯ ಜೀವ. ಅದರ ಜೊತೆಗೆ 1966ರಲ್ಲೇ ಬಂದ ಸಿನಿಮಾದಲ್ಲಿ ಹೊತ್ತಿಕೊಂಡ ಬಾಂಬನ್ನು ತಲೆಯ ಮೇಲೆ ಎತ್ತಿ ಹಿಡಿದು ಬ್ಯಾಟ್‌ಮನ್ ಬಂದರುಕಟ್ಟೆಯ ಉದ್ದಕ್ಕೂ ಓಡುವ ದೃಶ್ಯವನ್ನು ನೋಡಿದ್ದೀರಲ್ಲವೇ? ಎತ್ತ ಹೋದರೂ ಯಾರೋ ಅಡ್ಡ: ಒಂದು ಕಡೆ ಸನ್ಯಾಸಿನಿಯರು, ಇನ್ನೊಂದು ಕಡೆ ಕೂಸನ್ನು ಗಾಡಿಯಲ್ಲಿ ತಳ್ಳುತ್ತಿರುವ ತಾಯಿ, ಕೊನೆಗೆ ನೀರಿನಲ್ಲಿ ಬಾತುಕೋಳಿಗಳು. ಅಲ್ಲಿ ವೆಸ್ಟ್ ಒಮ್ಮೆ ಕಣ್ಣು ಮಿಟುಕಿಸಿದ್ದರೂ ದೃಶ್ಯ ಸತ್ತುಹೋಗುತ್ತಿತ್ತು. ಮಕ್ಕಳು ಅದನ್ನು ನಿಜವಾದ ಅಪಾಯವೆಂದು ನೋಡುತ್ತಾರೆ, ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ನಟನೆಯಲ್ಲಿ ಬಹಳ ಕಷ್ಟದ ಕೆಲಸ, ಮತ್ತು ಅದು ನಟನೆಯೇ ಅಲ್ಲ ಎಂದು ನೋಡುವವರಿಗೆ ಅನ್ನಿಸಿಬಿಡುವ ಕೆಲಸ. ವೆಸ್ಟ್‌ಗೆ ಏಟು ಬಿದ್ದದ್ದು ಇಲ್ಲೇ ಎಂದು ನನ್ನ ನಂಬಿಕೆ. ಅವರು ಹಾಸ್ಯವನ್ನು ಅಷ್ಟು ಚೆನ್ನಾಗಿ ಬಚ್ಚಿಟ್ಟರೆಂದರೆ, ಈ ಮನುಷ್ಯ ಇರುವುದೇ ಹೀಗೆ ಎಂದು ಪಾತ್ರ ಹಂಚುವವರು ತೀರ್ಮಾನಿಸಿಬಿಟ್ಟರು. ಗಂಭೀರ ಪಾತ್ರ ಕೊಟ್ಟರೆ ಜನ ನಕ್ಕಾರು ಎಂಬ ಭಯ. ಹಾಸ್ಯ ಪಾತ್ರ ಕೊಡೋಣವೆಂದರೆ ಇವರು ಹಾಸ್ಯನಟರೆಂದು ಯಾರ ಮನಸ್ಸಿಗೂ ಹೊಳೆಯಲಿಲ್ಲ.

ನೀವು ಓದಿದ್ದು ಸುಳ್ಳಲ್ಲ. 1970ರ ದಶಕದಲ್ಲಿ ಅವರು ಕುಲಾವಿ, ಮೇಲಂಗಿ ಹಾಕಿಕೊಂಡು ಕಾರು ಪ್ರದರ್ಶನ, ಸಂತೆ, ಮಳಿಗೆಯ ಉದ್ಘಾಟನೆ ಎಂದು ಊರೂರು ಸುತ್ತಿದರು. ನಡುನಡುವೆ ಅಗ್ಗದ ಚಿತ್ರಗಳು, ಬೇರೆಯವರ ಸರಣಿಗಳಲ್ಲಿ ಒಂದೊಂದು ಕಂತು. ಕೆಲಸ ಇರಲೇ ಇಲ್ಲ ಎನ್ನುವುದು ಮಾತ್ರ ತಪ್ಪು. ಇದ್ದ ಕೆಲಸ ಅವರು ಬಯಸಿದ್ದಾಗಿರಲಿಲ್ಲ, ಅಷ್ಟೇ. 1977ರಲ್ಲಿ ಒಂದು ಕಾರ್ಟೂನ್ ಸರಣಿಯಲ್ಲಿ ವೆಸ್ಟ್ ಮತ್ತು ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಆಗಿದ್ದ ಬರ್ಟ್ ವಾರ್ಡ್ ಇಬ್ಬರೂ ತಮ್ಮ ಹಳೆಯ ಪಾತ್ರಗಳಿಗೆ ಧ್ವನಿ ಕೊಟ್ಟರು. ಹನ್ನೆರಡು ವರ್ಷದ ಬಳಿಕ, 1989ರಲ್ಲಿ, ದೊಡ್ಡ ಬಜೆಟ್ಟಿನ ಬ್ಯಾಟ್‌ಮನ್ ಚಿತ್ರ ಬಂದಾಗ ಆ ಪಾತ್ರ ಮೈಕೆಲ್ ಕೀಟನ್ ಪಾಲಾಯಿತು. ತಮ್ಮನ್ನು ಕರೆಯಲಿಲ್ಲವೆಂಬ ಬೇಸರವನ್ನು ವೆಸ್ಟ್ ಮುಚ್ಚಿಡಲಿಲ್ಲ. ಆಗ ಅವರ ವಯಸ್ಸು ಅರವತ್ತು ದಾಟಿತ್ತು ಎನ್ನುವುದನ್ನೂ ಸೇರಿಸಿ ಹೇಳಬೇಕು. ಬೇಸರಕ್ಕೆ ವಯಸ್ಸಿನ ಹಂಗಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ವೆಸ್ಟ್ ಅವರ ಜೊತೆಗೆ ಬ್ಯಾಟ್‌ಮನ್ ಪಾತ್ರಕ್ಕೆ ಪರೀಕ್ಷೆ ಕೊಟ್ಟ ಇನ್ನೊಬ್ಬ ನಟರಿದ್ದರು, ಲೈಲ್ ವ್ಯಾಗನರ್. ಎತ್ತರದ ಆಳು, ಸುಂದರ ಗದ್ದ, ಪಾತ್ರಕ್ಕೆ ಎಲ್ಲ ಲಕ್ಷಣಗಳೂ ಇದ್ದವು. ಅದು ಕೈತಪ್ಪಿತು. ಅವರು ಕ್ಯಾರೊಲ್ ಬರ್ನೆಟ್ ಅವರ ಹಾಸ್ಯ ಕಾರ್ಯಕ್ರಮದಲ್ಲಿ ಏಳು ವರ್ಷ ಕಾಣಿಸಿಕೊಂಡರು. ಆಮೇಲೆ ‘ವಂಡರ್ ವುಮನ್’ ಸರಣಿಯಲ್ಲಿ ಸ್ಟೀವ್ ಟ್ರೆವರ್ ಆದರು. ಅಂದರೆ ಮಹಾಶಕ್ತಿ ನಾಯಕಿಗೆ ಇತ್ತು, ಇವರು ಪಕ್ಕದಲ್ಲಿ ನಿಂತಿದ್ದರು. ನಂತರ ಚಿತ್ರೀಕರಣದ ಸ್ಥಳಗಳಿಗೆ ತಾರೆಯರು ಕೂರುವ ವಾಹನಗಳನ್ನು ಬಾಡಿಗೆಗೆ ಕೊಡುವ ಉದ್ಯಮ ಆರಂಭಿಸಿ ಹಾಲಿವುಡ್‌ನಲ್ಲೇ ದೊಡ್ಡ ಹೆಸರಾದರು. ಬ್ಯಾಟ್‌ಮನ್ ಆಗದೆ ಹೋದದ್ದು ಅವರಿಗೆ ನಷ್ಟವೋ ಲಾಭವೋ? ಲೆಕ್ಕದ ಪುಸ್ತಕ ತೆರೆದರೆ ಲಾಭವೇ ಎನ್ನಬೇಕು. ಆದರೆ ಅವರ ಹೆಸರನ್ನು ಇಂದು ನೀವು ನನ್ನಿಂದ ಮೊದಲ ಸಲ ಕೇಳುತ್ತಿರಬಹುದು.

ಮತ್ತೆ ವೆಸ್ಟ್ ಅವರಿಗೆ ಬರೋಣ. 1992ರಲ್ಲಿ ಒಂದು ತಿರುವು ಬಂತು, ಅದೂ ಕಾರ್ಟೂನಿನಲ್ಲಿ. ಆಗ ಪ್ರಸಾರವಾಗುತ್ತಿದ್ದ ಹೊಸ ಬ್ಯಾಟ್‌ಮನ್ ಕಾರ್ಟೂನ್ ಸರಣಿಯವರು ವೆಸ್ಟ್ ಅವರನ್ನು ಕರೆದರು, ಬ್ಯಾಟ್‌ಮನ್ ಪಾತ್ರಕ್ಕಲ್ಲ. ಆ ಕಂತಿನಲ್ಲಿ ಸೈಮನ್ ಟ್ರೆಂಟ್ ಎಂಬ ಹಳೆಯ ನಟ ಇದ್ದಾನೆ. ದಶಕಗಳ ಹಿಂದೆ ‘ಗ್ರೇ ಗೋಸ್ಟ್’ ಎಂಬ ಮುಖವಾಡದ ವೀರನ ಟಿವಿ ಸರಣಿಯಲ್ಲಿ ನಾಯಕನಾಗಿದ್ದವನು. ಆಮೇಲೆ ಬೇರೆ ಪಾತ್ರ ಯಾರೂ ಕೊಡಲಿಲ್ಲ. ಈಗ ಬಾಡಿಗೆ ಕಟ್ಟಲು ಹಣವಿಲ್ಲದೆ ಹಳೆಯ ಉಡುಪನ್ನು ಮಾರುವ ಸ್ಥಿತಿ. ಆ ಸರಣಿಯನ್ನು ತಂದೆಯ ಜೊತೆ ಕೂತು ನೋಡುತ್ತಿದ್ದ ಹುಡುಗನೇ ಮುಂದೆ ಬ್ಯಾಟ್‌ಮನ್ ಆದವನು. ಬರೆದವರು ಯಾರನ್ನು ನೋಡಿ ಬರೆದರೆಂದು ಹೇಳಬೇಕಾಗಿಲ್ಲ. ವೆಸ್ಟ್ ಆ ಪಾತ್ರಕ್ಕೆ ಧ್ವನಿ ಕೊಡುವಾಗ ಹಳೆಯ ಠೀವಿಯನ್ನೆಲ್ಲ ಪಕ್ಕಕ್ಕಿಟ್ಟು, ದಣಿದ, ಸ್ವಲ್ಪ ಸಿಡುಕಿನ, ನಾಚಿಕೆಯ ದನಿಯಲ್ಲಿ ಮಾತನಾಡಿದ್ದಾರೆ. ಇಪ್ಪತ್ತೈದು ವರ್ಷ ಯಾರೂ ಅವರಿಂದ ಕೇಳದೇ ಇದ್ದ ಗಂಭೀರ ಅಭಿನಯ ಅದು. ಅವರ ಕೆಲಸದಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ, ಮೂಲ ಸರಣಿಯ ಯಾವ ಕಂತನ್ನೂ ಅಲ್ಲ.

2000ದಿಂದ ಮುಂದೆ ‘ಫ್ಯಾಮಿಲಿ ಗೈ’ ಎಂಬ ದೊಡ್ಡವರ ಕಾರ್ಟೂನಿನಲ್ಲಿ ಅವರು ಒಂದು ಊರಿನ ಮೇಯರ್ ಆದರು. ಪಾತ್ರದ ಹೆಸರೂ ಆಡಮ್ ವೆಸ್ಟ್. ಅಧಿಕಾರ ಇದೆ, ತಲೆ ಸ್ವಲ್ಪ ಸಡಿಲ, ಹೇಳುವುದೆಲ್ಲ ಅದೇ ಗಂಭೀರ ಧ್ವನಿಯಲ್ಲಿ. ಬ್ಯಾಟ್‌ಮನ್ ಹೆಸರನ್ನು ಹೆಚ್ಚಾಗಿ ಎತ್ತದೆ, ಅದೇ ಧ್ವನಿಯಿಂದ ಹೊಸ ತಲೆಮಾರನ್ನು ನಗಿಸಿದ ಪಾತ್ರ ಅದು. ನಮ್ಮ ದೇಶದಲ್ಲಿ ಪಾತ್ರಕ್ಕೆ ಅಂಟಿಕೊಂಡ ನಟರ ಗತಿ ಬೇರೆ ರೀತಿಯದು. ‘ರಾಮಾಯಣ’ ಸರಣಿಯ ಸೀತೆ ದೀಪಿಕಾ ಚಿಖಲಿಯಾ ಮತ್ತು ರಾವಣ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಗುಜರಾತಿನಿಂದ ಲೋಕಸಭೆಗೆ ಆರಿಸಿ ಬಂದರು, ‘ಮಹಾಭಾರತ’ದ ಕೃಷ್ಣ ನಿತೀಶ್ ಭಾರದ್ವಾಜ್ 1996ರಲ್ಲಿ ಜಮ್‌ಶೇಡ್‌ಪುರದಿಂದ ಗೆದ್ದರು, ರಾಮನಾಗಿದ್ದ ಅರುಣ್ ಗೋವಿಲ್ 2024ರಲ್ಲಿ ಮೀರತ್‌ನಿಂದ. ಭಕ್ತಿ ಹುಟ್ಟಿಸಿದ ಪಾತ್ರ ಮತವಾಗುತ್ತದೆ. ನಗು ಹುಟ್ಟಿಸಿದ ಪಾತ್ರಕ್ಕೆ ಮೇಯರ್ ಪದವಿ ಕಾರ್ಟೂನಿನಲ್ಲಿ ಮಾತ್ರ ಸಿಗುತ್ತದೆ. ರಾವಣನೂ ಗೆದ್ದನಲ್ಲ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕಲಾವಿದರ ಹೆಸರುಗಳನ್ನು ನಕ್ಷತ್ರಗಳಲ್ಲಿ ಕೂರಿಸುವ ಹಾಲಿವುಡ್‌ನ ಕಾಲುದಾರಿಯಲ್ಲಿ ವೆಸ್ಟ್ ಹೆಸರಿನ ನಕ್ಷತ್ರ 2012ರ ಏಪ್ರಿಲ್‌ನಲ್ಲಿ ಕೂತಿತು. 2017ರ ಜೂನ್ 9ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ವಾರ ಕಳೆಯುವಷ್ಟರಲ್ಲಿ ಲಾಸ್ ಏಂಜಲೀಸ್ ನಗರಸಭೆಯ ಗೋಪುರದ ಮೇಲೆ ಬಾವಲಿಯ ದೀಪಸಂಕೇತವನ್ನು ಬೆಳಗಿಸಿ ಊರು ಅವರಿಗೆ ವಿದಾಯ ಹೇಳಿತು.

ಬರ್ಟ್ ವಾರ್ಡ್ ಅವರದ್ದು ಇದಕ್ಕಿಂತ ಸರಳ, ಇದಕ್ಕಿಂತ ಕಠಿಣ. 1945ರಲ್ಲಿ ಹುಟ್ಟಿದ ಅವರಿಗೆ ರಾಬಿನ್ ಆಗುವಾಗ ಇಪ್ಪತ್ತು ವರ್ಷ. ವೃತ್ತಿಯ ಅನುಭವ ಸೊನ್ನೆ. ಕರಾಟೆ ಬರುತ್ತಿತ್ತು, ಮನೆ ನಿವೇಶನ ಮಾರುವ ಕೆಲಸ ಮಾಡುತ್ತಿದ್ದರು. ವಾರಕ್ಕೆ 350 ಡಾಲರ್ ಸಂಬಳ ಎಂದು ಅವರೇ ಹೇಳಿಕೊಂಡಿದ್ದಾರೆ. ಸಾಹಸ ದೃಶ್ಯಗಳಲ್ಲಿ ಪೆಟ್ಟು ತಿಂದು ಆಸ್ಪತ್ರೆಗೆ ಹೋಗಿಬಂದದ್ದೂ ಉಂಟು. ವೆಸ್ಟ್‌ಗೆ ಹಿಂತಿರುಗಿ ನೋಡಲು ಒಂದಿಷ್ಟು ಕೆಲಸವಾದರೂ ಇತ್ತು. ವಾರ್ಡ್‌ಗೆ ರಾಬಿನ್‌ಗಿಂತ ಮೊದಲಿನ ಒಂದು ಪಾತ್ರವೂ ಇರಲಿಲ್ಲ, ಮುಂದೆಯೂ ಹೇಳಿಕೊಳ್ಳುವಂಥದ್ದು ಬರಲಿಲ್ಲ. ಅವರು ದಾರಿಯನ್ನೇ ಬದಲಾಯಿಸಿದರು. 1994ರಲ್ಲಿ ಹೆಂಡತಿಯ ಜೊತೆ ಸೇರಿ ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಅನಾಥ ನಾಯಿಗಳಿಗೆ ಆಶ್ರಯ ಕೊಡುವ ಸಂಸ್ಥೆ ತೆರೆದರು, ಆಮೇಲೆ ನಾಯಿ ಆಹಾರದ ತಯಾರಿಕೆಗೂ ಇಳಿದರು. ಅವರ ನಕ್ಷತ್ರ 2020ರ ಜನವರಿಯಲ್ಲಿ ಬಂತು. ಆತ್ಮಕಥೆಯನ್ನೂ ಬರೆದಿದ್ದಾರೆ, ಆದರೆ ಅದನ್ನು ಮಗನ ಕೈಗೆ ಕೊಡಬೇಡಿ. ದೊಡ್ಡವರೂ ಎಲ್ಲವನ್ನೂ ನಂಬಿಬಿಡದೆ ಓದಬೇಕಾದ ಪುಸ್ತಕ.

ಈಗ ದುಡ್ಡಿನ ಮಾತು. ಒಮ್ಮೆ ಚಿತ್ರಿಸಿದ ಕಂತು ಮತ್ತೆ ಮತ್ತೆ ಪ್ರಸಾರವಾದಾಗ ನಟನಿಗೆ ಸಲ್ಲುವ ಪಾಲನ್ನು ಅಮೆರಿಕದಲ್ಲಿ ‘ರೆಸಿಡ್ಯುಯಲ್’ ಎನ್ನುತ್ತಾರೆ. ಆ ಕಾಲದ ನಟರ ಸಂಘದ ಒಪ್ಪಂದದಲ್ಲಿ ಈ ಪಾಲಿಗೆ ಒಂದು ಮಿತಿಯಿತ್ತು: ಮೊದಲ ಕೆಲವು ಮರುಪ್ರಸಾರಗಳಿಗೆ ಹಣ, ಆಮೇಲೆ ಏನೂ ಇಲ್ಲ. ಆ ಲೆಕ್ಕ ಮಾಡಿದವರ ಊಹೆಯಲ್ಲಿ ಒಂದು ಕಂತನ್ನು ಜನ ಎಷ್ಟು ಸಲ ನೋಡಿಯಾರು, ನಾಲ್ಕೋ ಐದೋ ಸಲ. ದಿನವೂ ಸಂಜೆ ಶಾಲೆ ಬಿಟ್ಟ ಮಕ್ಕಳು ಹಳೆಯ ಬ್ಯಾಟ್‌ಮನ್ ಮುಂದೆ ಕೂರುತ್ತಾರೆ, ಅದು ದಶಕಗಳ ಕಾಲ ನಡೆಯುತ್ತದೆ ಎಂದು ಯಾರಿಗೆ ಗೊತ್ತಿತ್ತು? ಪ್ರಸಾರವಾದಷ್ಟೂ ಕಾಲ ಪಾಲು ಸಲ್ಲಬೇಕೆಂಬ ನಿಯಮವನ್ನು ಸಂಘ ಗೆದ್ದುಕೊಂಡದ್ದು 1974ರ ಒಪ್ಪಂದದಲ್ಲಿ, ಅಲ್ಲಿಂದ ಮುಂದೆ ತಯಾರಾಗುವ ಕಾರ್ಯಕ್ರಮಗಳಿಗೆ. ‘ಬ್ಯಾಟ್‌ಮನ್’ ಮುಗಿದು ಆಗಲೇ ಆರು ವರ್ಷವಾಗಿತ್ತು.

ಇದರ ಪರಿಣಾಮ ಯೋಚಿಸಿ. ಮರುಪ್ರಸಾರ ನಟನ ಮುಖವನ್ನು ಹಳತಾಗಲು ಬಿಡುವುದಿಲ್ಲ. ಜನ ಮರೆತರೆ ತಾನೇ ಹೊಸ ಪಾತ್ರದಲ್ಲಿ ಒಪ್ಪಿಕೊಳ್ಳುವುದು? ದಿನವೂ ಸಂಜೆ ಬ್ಯಾಟ್‌ಮನ್ ಆಗಿ ಮನೆಗೆ ಬರುವವನನ್ನು ರಾತ್ರಿಯ ಸಿನಿಮಾದಲ್ಲಿ ವಕೀಲನೆಂದು ನಂಬುವುದು ಹೇಗೆ? ಅಂದರೆ, ಹೊಸ ಕೆಲಸ ಸಿಗದಂತೆ ಮಾಡಿದ್ದೂ ಮರುಪ್ರಸಾರವೇ, ಅದರ ಬದಲಿಗೆ ಹಣ ಕೊಡದೆ ಹೋದದ್ದೂ ಅದೇ. ಉಡುಪು ತೊಟ್ಟು ಸಂತೆಗೆ ಹೋದ ವೆಸ್ಟ್ ಅವರನ್ನು ನೋಡಿ ನಕ್ಕ ಪತ್ರಿಕೆಗಳು ಈ ಲೆಕ್ಕವನ್ನು ಬರೆದದ್ದು ಕಡಿಮೆ. ಡಿಸ್ಕ್‌ಗಳೂ ಬೇಗ ಬರಲಿಲ್ಲ. ಸರಣಿ ಮಾಡಿದ ಸ್ಟುಡಿಯೊ ಒಂದು, ಪಾತ್ರಗಳ ಒಡೆತನ ಇನ್ನೊಂದು ಸಂಸ್ಥೆಯ ಬಳಗದ್ದು. ಹಕ್ಕುಗಳ ಗಂಟು ಬಿಚ್ಚಿ ಪೂರ್ಣ ಸರಣಿ ಡಿಸ್ಕ್ ರೂಪದಲ್ಲಿ ಮಾರುಕಟ್ಟೆಗೆ ಬಂದದ್ದು 2014ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ನೆಂಟರಲ್ಲಿ ಬಹಳಷ್ಟು ಮಂದಿ ತೀರಿಹೋಗಿದ್ದರು.

ಆ ನೆಂಟರ ಕಡೆ ತಿರುಗೋಣ. ಪೆಂಗ್ವಿನ್ ಆಗಿದ್ದ ಮೆರೆಡಿತ್, ಜೋಕರ್ ಆಗಿದ್ದ ಸೀಸರ್ ರೊಮೆರೊ ಇಬ್ಬರೂ 1907ರಲ್ಲಿ ಹುಟ್ಟಿದವರು. ಸರಣಿ ಶುರುವಾದಾಗ ಅರವತ್ತರ ಹತ್ತಿರ. ಇಬ್ಬರೂ ತಲಾ ಇಪ್ಪತ್ತರ ಆಸುಪಾಸು ಕಂತುಗಳಲ್ಲಿ ಬಂದುಹೋದರು. ರೊಮೆರೊ 1930ರ ದಶಕದಿಂದ ತೆರೆಯ ಮೇಲಿನ ಸೊಗಸುಗಾರ, ನೃತ್ಯಗಾರ. ತಮ್ಮ ಗುರುತಾಗಿದ್ದ ಮೀಸೆಯನ್ನು ಬೋಳಿಸಲು ಅವರು ಒಪ್ಪಲಿಲ್ಲ. ಪ್ರಸಾಧನದವರು ಮೀಸೆಯ ಮೇಲೆಯೇ ಬಿಳಿ ಬಣ್ಣ ಬಳಿದರು. ಹತ್ತಿರದ ಚಿತ್ರಿಕೆಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ, ಮಗನಿಗೆ ತೋರಿಸಿ. ನನಗೆ ಈ ಮೀಸೆಯೇ ನಿಮ್ಮ ಪ್ರಶ್ನೆಗೆ ಉತ್ತರದಂತೆ ಕಾಣುತ್ತದೆ. ಜೋಕರ್‌ಗಾಗಿ ರೊಮೆರೊ ತಮ್ಮನ್ನು ಅಳಿಸಿಕೊಳ್ಳಲು ಸಿದ್ಧರಿರಲಿಲ್ಲ. ಬಣ್ಣ ತೊಳೆದರೆ ಕೆಳಗೆ ರೊಮೆರೊ ಹಾಗೆಯೇ ಇದ್ದರು, ಇಪ್ಪತ್ತು ವರ್ಷದ ಬಳಿಕ ‘ಫಾಲ್ಕನ್ ಕ್ರೆಸ್ಟ್’ ಧಾರಾವಾಹಿಯಲ್ಲೂ ಅದೇ ಮೀಸೆಯೊಂದಿಗೆ.

ಮೆರೆಡಿತ್ 1939ರಲ್ಲೇ ‘ಆಫ್ ಮೈಸ್ ಅಂಡ್ ಮೆನ್’ ಚಿತ್ರದ ನಾಯಕ. 1950ರ ದಶಕದಲ್ಲಿ ಕಮ್ಯುನಿಸ್ಟ್ ಶಂಕೆಯ ಕಪ್ಪುಪಟ್ಟಿಗೆ ಸಿಕ್ಕಿ ಸಿನಿಮಾದಿಂದ ವರ್ಷಗಟ್ಟಲೆ ದೂರವಾದವರು. ಅಂಥ ಗಾಳಿಯನ್ನು ಎದುರಿಸಿ ನಿಂತವರಿಗೆ ಒಂದು ಕೊಡೆ, ಒಂದು ಉದ್ದ ಮೂಗು ಏನು ಮಾಡೀತು? ಪೆಂಗ್ವಿನ್‌ನ ‘ಕ್ವಾಕ್ ಕ್ವಾಕ್’ ಸದ್ದು ಹುಟ್ಟಿದ್ದೂ ಕೆಲಸದ ಕಷ್ಟದಿಂದ. ಅವರು ಧೂಮಪಾನ ಬಿಟ್ಟು ಬಹಳ ಕಾಲವಾಗಿತ್ತು. ಪಾತ್ರಕ್ಕೆ ಸಿಗರೇಟು ಬೇಕಿತ್ತು. ಹೊಗೆಗೆ ಗಂಟಲು ಕೆರೆದು ಬರುತ್ತಿದ್ದ ಕೆಮ್ಮನ್ನು ಮುಚ್ಚಲು ಬಾತಿನಂತೆ ಕೂಗಿದರು, ಅದೇ ಪಾತ್ರದ ಗುರುತಾಯಿತು. ಎಪ್ಪತ್ತರ ಹೊಸ್ತಿಲಲ್ಲಿ ಅವರಿಗೆ ಸತತ ಎರಡು ವರ್ಷ ಪೋಷಕ ನಟನ ಆಸ್ಕರ್ ನಾಮನಿರ್ದೇಶನ ಬಂತು: 1975ರ ‘ದಿ ಡೇ ಆಫ್ ದಿ ಲೋಕಸ್ಟ್’, 1976ರ ‘ರಾಕಿ’. ಪ್ರಶಸ್ತಿ ಎರಡು ಸಲವೂ ಬರಲಿಲ್ಲ.

ಒಗಟು ಹಾಕುವ ಖಳ ರಿಡ್ಲರ್ ಆಗಿದ್ದ ಫ್ರ್ಯಾಂಕ್ ಗೋರ್ಶಿನ್ ಮಾತ್ರ ನನ್ನ ನೆಂಟ–ಮನೆಮಂದಿ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. ಅವರು ಬಂದುಹೋದದ್ದು ಹತ್ತರ ಆಸುಪಾಸು ಕಂತುಗಳಲ್ಲಿ, ಆದರೂ ಪಾತ್ರ ಅವರಿಗೆ ಅಂಟಿತು. ಕಾರಣ ಮತ್ತೆ ಅದೇ: ಬರುವಾಗ ಅವರ ಹೆಸರು ಅಷ್ಟು ದೊಡ್ಡದಿರಲಿಲ್ಲ. ಅವರು ಮೂಲತಃ ಅನುಕರಣೆಯ ಕಲಾವಿದ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಅವರು ವೇದಿಕೆ ಹತ್ತಿದ ರಾತ್ರಿ ಬೀಟಲ್ಸ್ ತಂಡವೂ ಅಲ್ಲಿ ಮೊದಲ ಸಲ ಬಂದಿತ್ತು. ಇಡೀ ಅಮೆರಿಕ ಟಿವಿ ಮುಂದೆ ಕೂತಿತ್ತು, ಯಾರೂ ಗೋರ್ಶಿನ್‌ಗಾಗಿ ಕೂತಿರಲಿಲ್ಲ. ಎರಡು ವರ್ಷದ ನಂತರ ‘ಬ್ಯಾಟ್‌ಮನ್’ನ ಮೊದಲ ಕಂತಿನ ಖಳನಾಗಿ, ಹಸಿರು ಬಿಗಿಯುಡುಪಿನಲ್ಲಿ, ನಗುತ್ತ ನಗುತ್ತ ಒಮ್ಮೆಲೇ ಕಣ್ಣಿನಲ್ಲಿ ಹುಚ್ಚು ತರಿಸುವ ಆ ಅಭಿನಯಕ್ಕೆ ಟಿವಿಯ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನ ಬಂತು. ಬಿಗಿಯುಡುಪು ಅವರಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ಪ್ರಶ್ನಾರ್ಥಕ ಚಿಹ್ನೆಗಳ ಸೂಟು ಮತ್ತು ದುಂಡು ಹ್ಯಾಟು ಬಂದವು. ಸಂಭಾವನೆಯ ಜಗ್ಗಾಟದಲ್ಲಿ ಎರಡನೆಯ ಋತುವಿನಿಂದ ಹೊರಗುಳಿದರು, ಆಗ ಜಾನ್ ಆಸ್ಟಿನ್ ರಿಡ್ಲರ್ ಆದರು. ಇಬ್ಬರ ಕಂತುಗಳನ್ನೂ ನೋಡಿದ್ದೀರಿ, ವ್ಯತ್ಯಾಸ ನಿಮಗೇ ಗೊತ್ತು. ಗೋರ್ಶಿನ್ ಕ್ಲಬ್ಬುಗಳಲ್ಲಿ, ರಂಗದ ಮೇಲೆ ದುಡಿಯುತ್ತಲೇ ಇದ್ದರು. 2002ರಲ್ಲಿ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯಲ್ಲಿ ಹಾಸ್ಯನಟ ಜಾರ್ಜ್ ಬರ್ನ್ಸ್ ಆಗಿ ಒಬ್ಬರೇ ಇಡೀ ನಾಟಕ ಹೊತ್ತರು. 2005ರ ಮೇ 17ರಂದು ತೀರಿಕೊಂಡರು. ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶಿಸಿದ ‘ಸಿಎಸ್‌ಐ’ ಎಂಬ ಪತ್ತೇದಾರಿ ಸರಣಿಯ ಕಂತಿನಲ್ಲಿ ಅವರ ಕೊನೆಯ ಟಿವಿ ಪಾತ್ರ ಎರಡು ದಿನ ಬಿಟ್ಟು ಪ್ರಸಾರವಾಯಿತು.

ಕ್ಯಾಟ್‌ವುಮನ್‌ಗಳು ಮೂವರು. ಜೂಲಿ ನ್ಯೂಮಾರ್ 1959ರಲ್ಲೇ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದವರು. ಮೂರನೆಯ ಋತುವಿಗೆ ಅವರು ಸಿಗಲಿಲ್ಲ, ಒಂದು ಚಿತ್ರದ ಕೆಲಸದಲ್ಲಿದ್ದರು. ಮುಂದೆ 1970ರ ದಶಕದಲ್ಲಿ ಹೆಂಗಸರ ಉದ್ದ ಕಾಲುಚೀಲದ ಒಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದರು, ಆಸ್ತಿ ವ್ಯವಹಾರದಲ್ಲೂ ತೊಡಗಿದರು. ಸಿನಿಮಾದಲ್ಲಿ ಬಂದವರು ಲೀ ಮೆರಿವೆದರ್, 1955ರ ಮಿಸ್ ಅಮೆರಿಕ. ಆಮೇಲೆ ‘ಬಾರ್ನಬಿ ಜೋನ್ಸ್’ ಸರಣಿಯಲ್ಲಿ 1973ರಿಂದ 1980ರವರೆಗೆ ನಿಶ್ಚಿಂತೆಯಿಂದ ದುಡಿದರು.

ನೀವು ಕೇಳಿದ್ದು ಮೂರನೆಯವರ ಬಗ್ಗೆ. ಅರ್ಥಾ ಕಿಟ್, ದಕ್ಷಿಣ ಕೆರೊಲಿನಾದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿ ಗಾಯಕಿಯಾಗಿ ಪ್ಯಾರಿಸ್ಸಿನಿಂದ ನ್ಯೂಯಾರ್ಕಿನವರೆಗೆ ಹೆಸರಾದವರು. ನೀವು ಓದಿದ್ದು ಬಹುಮಟ್ಟಿಗೆ ನಿಜ. 1968ರ ಜನವರಿ 18ರಂದು, ಅಂದರೆ ಮೂರನೆಯ ಋತು ಇನ್ನೂ ಪ್ರಸಾರವಾಗುತ್ತಿದ್ದಾಗಲೇ, ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಶ್ವೇತಭವನದಲ್ಲಿ ಮಹಿಳೆಯರಿಗಾಗಿ ಒಂದು ಭೋಜನಕೂಟ ಏರ್ಪಡಿಸಿದ್ದರು. ವಿಷಯ ಯುವಜನರಲ್ಲಿ ಹೆಚ್ಚುತ್ತಿರುವ ಅಪರಾಧ. ಕಿಟ್ ಎದ್ದು ನಿಂತು, ಹುಡುಗರು ಬಂಡೇಳುತ್ತಿರುವುದಕ್ಕೆ ವಿಯೆಟ್ನಾಂ ಯುದ್ಧ ಕಾರಣ ಎಂದು ನೇರವಾಗಿ ಹೇಳಿದರು. ಮಾರನೆಯ ದಿನ ಅದೇ ಸುದ್ದಿ. ಆಮೇಲೆ ಅಮೆರಿಕದಲ್ಲಿ ಅವರಿಗೆ ಬರುತ್ತಿದ್ದ ಕಾರ್ಯಕ್ರಮಗಳು ಬತ್ತಿಹೋದವು. ಯುರೋಪಿನಲ್ಲಿ ಹಾಡಿ ಬದುಕಿದರು. ಅವರ ಬಗ್ಗೆ ಸಿಐಎ ಒಂದು ಕಡತವನ್ನೇ ಇಟ್ಟಿತ್ತು ಎಂಬುದು 1975ರಲ್ಲಿ ಬಯಲಾಯಿತು. ‘ಹಾಳಾಯಿತು’ ಎಂಬ ನಿಮ್ಮ ಮಾತನ್ನು ಮಾತ್ರ ತಿದ್ದುತ್ತೇನೆ. ಹತ್ತು ವರ್ಷ ಕಸಿದುಕೊಂಡರು, ಸರಿ. 1978ರಲ್ಲಿ ಅವರು ಬ್ರಾಡ್‌ವೇಗೆ ಮರಳಿದರು, ಟೋನಿಗೆ ನಾಮನಿರ್ದೇಶನಗೊಂಡರು. 2000ದಲ್ಲಿ ಡಿಸ್ನಿಯ ‘ದಿ ಎಂಪರರ್ಸ್ ನ್ಯೂ ಗ್ರೂವ್’ ಚಿತ್ರದ ಇಜ್ಮಾಗೆ ಧ್ವನಿಯಾದರು, ಅದೇ ಬೆಕ್ಕಿನ ಗುರುಗುರು ದನಿಯಲ್ಲಿ. 2008ರ ಕ್ರಿಸ್‌ಮಸ್ ದಿನ ತೀರಿಕೊಳ್ಳುವವರೆಗೂ ಕೆಲಸ ನಿಲ್ಲಿಸಲಿಲ್ಲ. ಅವರ ಕಷ್ಟಕ್ಕೆ ಕ್ಯಾಟ್‌ವುಮನ್ ಪಾತ್ರ ಕಾರಣವೇ ಅಲ್ಲ ಎನ್ನುವುದನ್ನೂ ಗಮನಿಸಿ.

ಬ್ಯಾಟ್‌ಗರ್ಲ್ ಆಗಿದ್ದ ಇವಾನ್ ಕ್ರೇಗ್ ಬ್ಯಾಲೆ ನರ್ತಕಿ. ಎಲ್ವಿಸ್ ಪ್ರೆಸ್ಲಿ ಜೊತೆ ಎರಡು ಚಿತ್ರ ಮಾಡಿದ್ದವರು, ‘ಸ್ಟಾರ್ ಟ್ರೆಕ್’ನಲ್ಲಿ ಮೈಗೆಲ್ಲ ಹಸಿರು ಬಳಿದುಕೊಂಡು ಕುಣಿದವರು. ಅವಕಾಶ ಕಡಿಮೆಯಾದಾಗ ಆಸ್ತಿ ವ್ಯವಹಾರಕ್ಕೆ ಇಳಿದರು. ಅವರದ್ದೊಂದು ತುಣುಕು ನನಗೆ ಬಹಳ ಇಷ್ಟ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಸಮಾನ ವೇತನದ ಬಗ್ಗೆ ಒಂದು ಪ್ರಚಾರ ಚಿತ್ರ ಮಾಡಿಸಿತು. ಬ್ಯಾಟ್‌ಮನ್, ರಾಬಿನ್ ಕಟ್ಟಿಹಾಕಲ್ಪಟ್ಟಿದ್ದಾರೆ, ಬಾಂಬು ಟಿಕ್‌ಟಿಕ್ ಎನ್ನುತ್ತಿದೆ. ಬ್ಯಾಟ್‌ಗರ್ಲ್ ಬಂದು, ರಾಬಿನ್‌ಗಿಂತ ನನಗೆ ಸಂಬಳ ಕಡಿಮೆ, ಕೆಲಸ ಮಾತ್ರ ಒಂದೇ ಎಂದು ಲೆಕ್ಕ ಕೇಳುತ್ತಾಳೆ. ವಾರ್ಡ್ ಇದ್ದಾರೆ, ಕ್ರೇಗ್ ಇದ್ದಾರೆ. ಕುಲಾವಿಯೊಳಗೆ ವೆಸ್ಟ್ ಇಲ್ಲ, ಡಿಕ್ ಗೋಟಿಯರ್ ಎಂಬ ಬೇರೆ ನಟ. ಆಗ ವೆಸ್ಟ್ ಆ ಪಾತ್ರದಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದ ಕಾಲ.

ಬಟ್ಲರ್ ಆಲ್‌ಫ್ರೆಡ್ ಆಗಿದ್ದ ಆಲನ್ ನೇಪಿಯರ್, ಕಮಿಷನರ್ ಗೋರ್ಡನ್ ಆಗಿದ್ದ ನೀಲ್ ಹ್ಯಾಮಿಲ್ಟನ್ ಇಬ್ಬರೂ ಸರಣಿ ಮುಗಿಯುವ ಹೊತ್ತಿಗೆ ಅರವತ್ತು ದಾಟಿದ್ದವರು. ಹ್ಯಾಮಿಲ್ಟನ್ ಮೂಕಿ ಚಿತ್ರಗಳ ಕಾಲದ ನಾಯಕನಟ, ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಕೈಯಲ್ಲಿ ಪಳಗಿದವರು. ಇವರಿಗೆ ಪಾತ್ರ ಅಂಟಿದರೂ ನಷ್ಟವಿರಲಿಲ್ಲ, ಮುಂದೆ ಹುಡುಕಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಮಗನಿಗೆ ಮುಂದೇನು ತೋರಿಸಬಹುದು ಎಂದಿರಿ. 2016ರಲ್ಲಿ ವೆಸ್ಟ್, ವಾರ್ಡ್, ನ್ಯೂಮಾರ್ ಮೂವರೂ ತಮ್ಮ ಹಳೆಯ ಪಾತ್ರಗಳಿಗೆ ಧ್ವನಿ ಕೊಟ್ಟ ಕಾರ್ಟೂನ್ ಚಿತ್ರ ಬಂದಿದೆ, ಅವನಿಗೆ ಖಂಡಿತ ಹಿಡಿಸುತ್ತದೆ. 2017ರಲ್ಲಿ ಅದರ ಮುಂದಿನ ಭಾಗ ಬಿಡುಗಡೆಯಾಗುವ ಹೊತ್ತಿಗೆ ವೆಸ್ಟ್ ಇರಲಿಲ್ಲ. ‘ಗ್ರೇ ಗೋಸ್ಟ್’ ಕಂತನ್ನು ನೀವೂ ಪಕ್ಕದಲ್ಲಿ ಕೂತು ನೋಡಿ. ‘ಫ್ಯಾಮಿಲಿ ಗೈ’ ಈಗಲೇ ಬೇಡ. ‘ರಾಕಿ’ಗೆ ಇನ್ನೊಂದೆರಡು ವರ್ಷ ಕಾಯಿರಿ, ನೋಡುವಾಗ ಉಣ್ಣೆಯ ಟೊಪ್ಪಿಗೆಯ ಆ ಮುದುಕ ತರಬೇತುದಾರ ಯಾರೆಂದು ಮೊದಲೇ ಹೇಳಬೇಡಿ. ಬಾತಿನ ಕೂಗು ಇಲ್ಲದೆಯೂ ಗುರುತು ಹಿಡಿಯುತ್ತಾನೋ ನೋಡೋಣ.